ಆಟಿಸಂ ಇದ್ದವರಿಗೆ ಕೌಂಟರ್ ಕೆಲಸ ಆಗಲ್ಲ ಅನ್ನೋದು ಸರಿಯಲ್ಲ

"ಆಟಿಸಂ ಇರುವವರನ್ನು ಗ್ರಾಹಕರ ಎದುರು ಕೂರಿಸಬೇಡಿ. ಮುಖ ನೋಡಿ ಮಾತಾಡಲ್ಲ, ನಗಲ್ಲ. ಕಾನೂನು ಅವರ ಕಡೆ ಇರೋದ್ರಿಂದ ಆಮೇಲೆ ಏನೂ ಕೇಳೋ ಹಾಗಿಲ್ಲ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು. (ಆಟಿಸಂ ಅಂದರೆ ಮಿದುಳಿನ ಬೆಳವಣಿಗೆಯ ಭಿನ್ನತೆಯಿಂದ ಇತರರೊಂದಿಗೆ ಮಾತಾಡುವ, ಬೆರೆಯುವ ರೀತಿ ಬೇರೆಯಾಗಿರುವ ಸ್ಥಿತಿ.)

ಕಣ್ಣು ತಪ್ಪಿಸುವುದು ಉಡಾಫೆಯಲ್ಲ. ಎದುರಿನವರ ಕಣ್ಣು ನೋಡುತ್ತಾ ಮಾತು ಕೇಳಿಸಿಕೊಳ್ಳುವುದು ಆಟಿಸಂ ಇರುವ ಅನೇಕರಿಗೆ ಕಷ್ಟ. ಬೇರೆ ಕಡೆ ನೋಡುತ್ತಿದ್ದರೂ ಗಮನ ಇಲ್ಲೇ ಇರಬಹುದು. ತೊಡಕು ಜಾಸ್ತಿ ಆಗುವುದು ನಮ್ಮ ಸುತ್ತುಮಾತಿನಿಂದ. "ಸ್ವಲ್ಪ ನೋಡಿ ಹಾಕಿ" ಅಂದರೆ ರೇಟು ಇಳಿಸಿ ಅಂತ, ಅಲ್ವಾ? ಬಿಲ್ಲಿಂಗ್‌ನಲ್ಲಿ ಕೂತ ಆಟಿಸಂ ಇರುವ ಹುಡುಗ ಬಿಲ್ಲನ್ನೇ ಇನ್ನೊಮ್ಮೆ ನೋಡಿ, ಅದೇ ಮೊತ್ತ ಹೇಳಬಹುದು. (ನನಗಂತೂ ಅವನು ಮಾಡಿದ್ದೇ ಸರಿ ಅನ್ನಿಸುತ್ತದೆ.) "ಡಿಸ್ಕೌಂಟ್ ಕೇಳಿದರೆ ಮ್ಯಾನೇಜರ್ ಹತ್ತಿರ ಕಳಿಸು" ಎಂದು ಮೊದಲೇ ಬಿಡಿಸಿ ಹೇಳಿದರೆ ಆಯಿತು.

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಸರ್ಕಾರಿ ಸಂಸ್ಥೆಗಳು ಇವರಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು. ಖಾಸಗಿಯವರೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ಹಾಗಂತ ಸಮಯಕ್ಕೆ ಬರುವುದು, ಲೆಕ್ಕ ಸರಿ ಇಡುವುದು, ಗ್ರಾಹಕರನ್ನು ಬೈಯದಿರುವುದು ಇವಕ್ಕೆಲ್ಲ ಕಾಯ್ದೆ ವಿನಾಯಿತಿ ಕೊಟ್ಟಿಲ್ಲ.