‘ಊರಿಗೆ ಹೋಗ್ಯಾರ’ ಅಂತ ಕೂಸಿಗೆ ಹೇಳಬ್ಯಾಡ್ರಿ

ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಒಂದೊಂದು ಕೆಲಸಕ್ಕೂ ಒಬ್ಬೊಬ್ಬರು ತಾವಾಗಿಯೇ ನಿಲ್ಲುತ್ತಾರೆ. ಕುಣಿ ತೋಡಿಸಲು ಒಬ್ಬರು, ಹೆಣ ಹೊರುವ ವಿಮಾನ ಕಟ್ಟಲು ಒಬ್ಬರು, ಭಜನಿ ಮಂದಿಗೆ ಚಹಾ ಮಾಡಲು ಇನ್ನೊಬ್ಬರು, ಬೀಗರಿಗೆಲ್ಲ ಫೋನ್ ಹಚ್ಚಲು ಮತ್ತೊಬ್ಬರು. ಮನೆಯ ಮಕ್ಕಳಿಗೆ ಮಾತ್ರ ಯಾರೂ ಇರುವುದಿಲ್ಲ. ಬಾಜೂ ಮನೆಯವರು ಕರೆದೊಯ್ದು ಟಿವಿ ಮುಂದೆ ಕೂಡಿಸಿ, ಕೈಯಲ್ಲೊಂದು ಚಿಪ್ಸ್ ಪಾಕೀಟು ಕೊಟ್ಟರೆ ಮುಗಿಯಿತು. ಸಂಜೆಗೆ ಕೂಸು “ಅಜ್ಜ ಎಲ್ಲಿ?” ಅಂದರೆ “ಊರಿಗೆ ಹೋಗ್ಯಾನವಾ, ಬರ್ತಾನ” ಅನ್ನುತ್ತಾರೆ.

ನನ್ನ ತಕರಾರು ಈ ಮಾತಿನ ಮೇಲೆ.

ನಮ್ಮ ಕಡೆ ಊರಿಗೆ ಹೋಗುವುದು ದಿನಾ ನಡೆಯುವ ಸಂಗತಿ. ಎಷ್ಟೋ ಹಳ್ಳಿಗಳಲ್ಲಿ ಅಪ್ಪ, ಅವ್ವ ಇಬ್ಬರೂ ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋಗಿ ಪಂಚಮಿಗೋ ಜಾತ್ರೆಗೋ ಬರುತ್ತಾರೆ. ಹೋದವರು ಬಂದೇ ಬರುತ್ತಾರೆ ಎಂದು ಕೂಸು ಕಣ್ಣಾರೆ ಕಂಡಿದೆ. ಸತ್ತ ಅಜ್ಜನೂ ಊರಿಗೆ ಹೋದನೆಂದರೆ ಅದು ಬಾಗಿಲ ಕಡೆ ನೋಡುತ್ತಾ ಕೂಡುತ್ತದೆ. ಬರಲಿಲ್ಲವೆಂದರೆ ತನ್ನ ಮೇಲೆ ಸಿಟ್ಟಾಗಿ ಬಿಟ್ಟುಹೋದನೆಂದು ತಿಳಿಯುತ್ತದೆ. ಮುಂದೆ ಅವ್ವ ನಿಜವಾಗಿಯೂ ಎರಡು ದಿನ ತವರಿಗೆ ಹೊರಟರೆ ಸೆರಗು ಹಿಡಿದು ಒದರಾಡುತ್ತದೆ. ಆಗ ಹಟ ಕಲಿತಿದೆ ಎಂದು ಬೆನ್ನಿಗೊಂದು ಗುದ್ದು ಬೇರೆ.

ಉಳಿದ ಸಮಾಧಾನದ ಮಾತುಗಳೂ ಹೀಗೇ ತಿರುಗಿ ಬೀಳುತ್ತವೆ. “ಮಲಗ್ಯಾರ” ಅಂದರೆ ರಾತ್ರಿ ಮಲಗಲು ಅಂಜಿಕೆ. “ಆರಾಮ ಇರಲಿಲ್ಲ, ಹೋದ್ರು” ಅಂದರೆ ಅವ್ವನಿಗೆ ನೆಗಡಿಯಾದರೂ ಜೀವ ಝಲ್ಲೆನ್ನುತ್ತದೆ. “ಒಳ್ಳೇವರನ್ನ ದೇವರು ಲಗೂನ ಕರಕೋತಾನ” ಅಂದರೆ ಒಳ್ಳೆಯವನಾಗುವುದು ಬೇಡ ಎಂದು ಐದು ವರ್ಷದ ತಲೆ ಲೆಕ್ಕ ಹಾಕುತ್ತದೆ. “ಚುಕ್ಕಿ ಆಗ್ಯಾರ” ಅನ್ನುವುದೂ ಅಷ್ಟೇ. ಆಷಾಢದ ಮೋಡದಲ್ಲಿ ಆ ಕೂಸು ಚುಕ್ಕಿ ಎಲ್ಲಿ ಹುಡುಕಬೇಕು?

ಹಾಗಾದರೆ ಹೇಳುವುದು ಹೇಗೆ? ಮಗುವಿಗೆ ಸಲಿಗೆ ಇದ್ದವರೇ ಹೇಳಬೇಕು, ಹೆತ್ತವರಲ್ಲಿ ಒಬ್ಬರಿದ್ದರೆ ಅವರೇ. ಅಳುವ ಮಂದಿಯಿಂದ ದೂರ, ಹಿತ್ತಲಲ್ಲೋ ಮಾಳಿಗೆ ಮೇಲೋ, ಅದರ ಎತ್ತರಕ್ಕೆ ಕೂತು ಹೇಳಬೇಕು. ತಡ ಮಾಡಬಾರದು, ಯಾಕೆಂದರೆ ಈಗ ಸುದ್ದಿ ನಮಗಿಂತ ಮುಂದೆ ಓಡುತ್ತದೆ. ಹತ್ತು ನಿಮಿಷದಲ್ಲಿ ಯಾರದೋ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’, ಸಂಜೆಯೊಳಗೆ ಓಣಿ ತುದಿಗೆ ಫ್ಲೆಕ್ಸ್. ಅಪ್ಪ ಸತ್ತದ್ದನ್ನು ಮಗಳು ಫ್ಲೆಕ್ಸ್ ಓದಿ ತಿಳಿಯಬಾರದು.

ಮಾತು ಸಣ್ಣದಿರಲಿ. “ತಮ್ಮಾ, ಒಂದು ಕೆಟ್ಟ ಸುದ್ದಿ ಅದ. ಅಜ್ಜ ಇವತ್ತ ಸತ್ತು ಹೋದ. ಅವನ ಎದಿ ಬಡಕೊಳ್ಳೂದು ನಿಂತದ. ಇನ್ನ ಅವ ಉಸಿರಾಡಂಗಿಲ್ಲ, ಮಾತಾಡಂಗಿಲ್ಲ. ಅವಗ ನೋವು, ಹಸಿವಿ, ಥಂಡಿ ಏನೂ ಆಗಂಗಿಲ್ಲ. ತಿರುಗಿ ಬರಂಗಿಲ್ಲ.” ಇಷ್ಟು ಹೇಳಿ ಸುಮ್ಮನಾಗಬೇಕು. ಕೂಸು ಅಳಬಹುದು, ಅಥವಾ “ನಾ ಆಡಾಕ ಹೋಗ್ಲೇನು?” ಅನ್ನಬಹುದು. ಎರಡೂ ಸರಿ. ಸಣ್ಣ ಮಕ್ಕಳು ದುಃಖವನ್ನು ಒಂದೇ ಸಲಕ್ಕೆ ಹೊರಲಾರರು. ಒಂದು ಗುಟುಕು ಕುಡಿದು ಆಟಕ್ಕೆ ಓಡುತ್ತಾರೆ, ಮತ್ತೆ ಬಂದು ಇನ್ನೊಂದು ಗುಟುಕು ಕುಡಿಯುತ್ತಾರೆ. ಅದನ್ನು ನೋಡಿ “ಎಷ್ಟ್ ಕಲ್ಲ ಮನಸು ನೋಡ್ರಿ” ಅನ್ನುವ ದೊಡ್ಡವರಿಗೆ ಬಾಯಿಗೆ ಬೀಗ ಹಾಕಬೇಕು.

ಕೂಸು ಕೇಳದಿದ್ದರೂ ಇನ್ನೆರಡು ಮಾತು ಹೇಳಲೇಬೇಕು. ಒಂದು: “ಇದು ನಿನ್ನಿಂದ ಆದದ್ದಲ್ಲ.” ನಾಲ್ಕರಿಂದ ಎಂಟರ ವಯಸ್ಸಿನಲ್ಲಿ ತಾನು ಮನಸ್ಸಿನಲ್ಲಿ ಅಂದುಕೊಂಡದ್ದೇ ಆಗುತ್ತದೆ ಎಂಬ ನಂಬಿಕೆ ಗಟ್ಟಿ ಇರುತ್ತದೆ. ನಿನ್ನೆ ಸಿಟ್ಟಿನಲ್ಲಿ “ನೀ ಸಾಯಿ” ಅಂದದ್ದಕ್ಕೇ ತಂಗಿ ಸತ್ತಳೆಂದು ವರ್ಷಗಟ್ಟಲೆ ಬಾಯಿ ಬಿಡದೆ ಕೊರಗುವ ಮಕ್ಕಳಿರುತ್ತಾರೆ. ಇನ್ನೊಂದು: ನಾಳೆಯಿಂದ ತನ್ನ ಗತಿ ಏನೆಂಬುದು. “ಸಾಲಿಗೆ ಕಾಕಾ ಬಿಡ್ತಾನ, ಬುತ್ತಿ ಆಯಿ ಕಟ್ತಾಳ, ರಾತ್ರಿ ನೀ ನನ್ನ ಬಾಜೂನ ಮಲಗೂದು.” ಹೆಸರು ಹೇಳಿಯೇ ಹೇಳಬೇಕು. “ನಾವೆಲ್ಲಾ ಅದೀವಿ” ಅಂದರೆ ಮಗುವಿಗೆ ಯಾರೂ ಇಲ್ಲ ಅಂದ ಹಾಗೇ.

ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಮಕ್ಕಳನ್ನು ಕರೆದೊಯ್ಯಬೇಕೋ ಬೇಡವೋ? ಮೊದಲು ಅಲ್ಲಿ ಏನಿರುತ್ತದೆಂದು ಹೇಳಿ, ಆಮೇಲೆ ಅವರನ್ನೇ ಕೇಳಬೇಕು. “ಬ್ಯಾಡ” ಅಂದರೆ ಒತ್ತಾಯವಿಲ್ಲ, “ಬರ್ತೀನಿ” ಅಂದರೆ ತಡೆಯಬಾರದು. ಲಿಂಗಾಯತರ ಮನೆಗಳಲ್ಲಿ ದೇಹವನ್ನು ಕೂಡಿಸಿರುತ್ತಾರೆ, ಹಣೆ ತುಂಬ ವಿಭೂತಿ, ಗದ್ದಕ್ಕೆ ಬಟ್ಟೆ ಕಟ್ಟಿರುತ್ತದೆ, ಮೂಗಿಗೆ ಹತ್ತಿ. ನಮಗೆ ರೂಢಿ, ಕೂಸಿಗೆ ಅಜ್ಜ ಎದ್ದು ಕೂತಂತೆ ಕಾಣುತ್ತದೆ. “ಮುಟ್ಟಿದ್ರ ತಣ್ಣಗ ಇರ್ತದ, ಕಣ್ಣು ತೆರಿಯಂಗಿಲ್ಲ, ಬಾಳ ಮಂದಿ ಜೋರಾಗಿ ಹಾಡ್ಯಾಡಿ ಅಳ್ತಾರ, ನೀ ಅಂಜಬ್ಯಾಡ” ಎಂದು ಒಳಗೆ ಹೋಗುವ ಮೊದಲೇ ಹೇಳಿರಬೇಕು. “ಮಣ್ಣು ಹಾಕಿದ್ರ ಉಸಿರು ಕಟ್ಟಂಗಿಲ್ಲೇನು?”, ಸುಡುವವರ ಮನೆಯಲ್ಲಾದರೆ “ಉರಿಯಂಗಿಲ್ಲೇನು?” ಎಂಬ ಪ್ರಶ್ನೆ ಬಂದೇ ಬರುತ್ತದೆ. ನೋವು, ಥಂಡಿ ಗೊತ್ತಾಗುವುದಿಲ್ಲ ಎಂದು ಮೊದಲೇ ಹೇಳಿದ್ದರೆ ಆಗ ಅದು ಕೈ ಹಿಡಿಯುತ್ತದೆ. ಇಡೀ ದಿನ ಕೂಸಿನ ಜೊತೆಗೇ ಇರಲು ಒಬ್ಬರನ್ನು ಗೊತ್ತು ಮಾಡಬೇಕು. ಹತ್ತಿರದ ರಕ್ತಸಂಬಂಧಿ ಬೇಡ, ಅವರು ತಾವೇ ಅಳುತ್ತಿರುತ್ತಾರೆ. ಕೂಸು “ಸಾಕು” ಅಂದ ಕ್ಷಣ ಅರ್ಧಕ್ಕೇ ಎದ್ದು ಹೊರಬರುವಂಥವರು ಬೇಕು. ಈ ಒಂದು ನೇಮಕ ತಪ್ಪುವುದರಿಂದಲೇ ಮಕ್ಕಳು ಅಂಜುವುದು, ಮಣ್ಣು ನೋಡಿದ್ದರಿಂದ ಅಲ್ಲ.

ಸಾವನ್ನು ಮಕ್ಕಳಿಂದ ಮುಚ್ಚಿಡುವುದು ನಮ್ಮ ಸಂಪ್ರದಾಯ ಅನ್ನುವವರಿಗೆ ಜೋಕುಮಾರನನ್ನು ನೆನಪಿಸಬೇಕು. ಭಾದ್ರಪದದಲ್ಲಿ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಮನೆಮನೆಗೆ ಬರುತ್ತಾನೆ, ಏಳು ದಿನ ಮೆರೆಯುತ್ತಾನೆ, ಹುಣ್ಣಿಮೆಗೆ ಸಾಯುತ್ತಾನೆ. ಬುಟ್ಟಿಯ ಹಿಂದೆ ಓಡುವ ಮಕ್ಕಳಿಗೆ ಯಾರೂ “ಜೋಕುಮಾರ ಊರಿಗೆ ಹೋದ” ಅನ್ನುವುದಿಲ್ಲ. ಮೊಹರಂನಲ್ಲಿ ಜಾತಿ ಮತ ನೋಡದೆ ಇಡೀ ಊರು ಹಸನ್ ಹುಸೇನರಿಗೆ ಪದ ಕಟ್ಟಿ ಹಾಡುತ್ತದೆ. ಬಹಿರಂಗವಾಗಿ ದುಃಖಪಡುವುದು ನಮಗೆ ಬರುತ್ತದೆ, ಮನೆಯೊಳಗೆ ಮಾತ್ರ ಮರೆತಿದ್ದೇವೆ.

ದಿನಕರ್ಮ ಮುಗಿಯುವ ಹೊತ್ತಿಗೆ ಎರಡನೇ ಏಟು ಬೀಳುತ್ತದೆ. ಹತ್ತು ವರ್ಷದ ಹುಡುಗನ ಬೆನ್ನು ತಟ್ಟಿ “ಇನ್ನ ನೀನ ಮನಿ ಯಜಮಾನ, ಅಳಬಾರದು” ಅನ್ನುತ್ತಾರೆ. ಹುಡುಗ ಅಂದಿನಿಂದ ಅಳುವುದಿಲ್ಲ, ಹೊಟ್ಟೆನೋವು ಅನ್ನುತ್ತಾನೆ, ಹಾಸಿಗೆ ತೋಯಿಸುತ್ತಾನೆ. ಅಪ್ಪ ಸತ್ತ ಮನೆಯಲ್ಲಾದರೆ ಅವ್ವನ ಬಳೆ ಒಡೆದು, ಕುಂಕುಮ ಅಳಿಸಿ, ಮೂಲೆಗೆ ಕೂಡಿಸುತ್ತಾರೆ. ಅಪ್ಪ ಹೋದ ಅದೇ ವಾರ ಕೂಸು ಅವ್ವನ ಮುಖವನ್ನೂ ಕಳೆದುಕೊಳ್ಳುತ್ತದೆ. ಈ ಪದ್ಧತಿಯನ್ನು ಪೂರಾ ಕೈಬಿಡಬೇಕು. ಇನ್ಯಾವ ಕಾರಣ ಸಾಲದಿದ್ದರೂ ಆ ಮಕ್ಕಳ ಸಲುವಾಗಿ.

ಆತ್ಮಹತ್ಯೆಯ ಸಾವಾದರೆ ಹೇಳುವುದು ಇನ್ನೂ ಕಠಿಣ, ಆದರೂ ಸುಳ್ಳು ಹೇಳಬಾರದು. ಶಾಲೆಯಲ್ಲಿ ಎರಡೇ ದಿನಕ್ಕೆ ಯಾರೋ ಹೇಳಿಬಿಡುತ್ತಾರೆ. “ಅಪ್ಪನ ಮನಸಿಗೆ ಬಾಳ ದೊಡ್ಡ ಬ್ಯಾನಿ ಬಂದಿತ್ತು, ಯಾರನ್ನರ ಕೇಳಬೇಕು ಅನ್ನೂದೂ ತಿಳೀಲಿಲ್ಲ, ತಾನಾಗೇ ಜೀವಾ ಕಳಕೊಂಡ.” ಹೇಗೆ ಎಂಬ ವಿವರ ಬೇಡ. “ಸಾಲ ಆಗಿತ್ತು, ಸತ್ತ” ಎಂದು ಅಷ್ಟಕ್ಕೇ ನಿಲ್ಲಿಸಿದರೆ ಸಾಲಕ್ಕೆ ಸಾವೇ ಉತ್ತರವೆಂದು ಕೂಸು ಕಲಿಯುತ್ತದೆ, ತನ್ನ ಶಾಲೆ ಫೀ ಸಲುವಾಗಿಯೇ ಸಾಲವಾಯಿತೆಂದೂ ಲೆಕ್ಕ ಹಾಕುತ್ತದೆ. ಪರಿಹಾರದ ಚೆಕ್ ಕೊಡಲು ಬಂದವರ ಫೋಟೋಕ್ಕೆ ಮಕ್ಕಳನ್ನು ನಿಲ್ಲಿಸಬೇಡಿ. ಆ ಫೋಟೋ ಮೊಬೈಲುಗಳಲ್ಲಿ ಅವರ ಹಿಂದೆ ಹತ್ತು ವರ್ಷ ಅಲೆಯುತ್ತದೆ.

ಶಾಲೆಗೆ ಮತ್ತೆ ಕಳಿಸುವ ಹಿಂದಿನ ದಿನ ಮನೆಯವರೊಬ್ಬರು ಹೋಗಿ ಕ್ಲಾಸ್ ಟೀಚರನ್ನು ಕಂಡು ಬರಬೇಕು. ಏನಾಯಿತು, ಮಗುವಿಗೆ ಎಷ್ಟು ಗೊತ್ತು, ಅಳು ಬಂದರೆ ಎಲ್ಲಿ ಹೋಗಿ ಕೂಡಬೇಕು ಎಂಬ ಮೂರು ವಿಷಯ ಸಾಕು. ಮೊದಲ ಎರಡು ಮೂರು ದಿನ ಮಧ್ಯಾಹ್ನದವರೆಗೆ ಸಾಕು. ಎಲ್ಲರ ಮುಂದೆ ನಿಲ್ಲಿಸಿ “ಪಾಪ” ಅನ್ನಿಸುವುದು ಬೇಡವೆಂದು ಟೀಚರಿಗೆ ಹೇಳಿಯೇ ಬರಬೇಕು. ಮಾರ್ಕ್ಸ್ ಕಾರ್ಡಿಗೆ ಇನ್ನು ಯಾರ ಸಹಿ ಎಂಬುದೂ ಮೊದಲೇ ಗೊತ್ತಾಗಿರಲಿ.

ಸತ್ತವರ ಅರಿವೆಗಳನ್ನು ಗಂಟು ಕಟ್ಟಿ ಕೊಟ್ಟುಬಿಡುವ ಅವಸರ ನಮ್ಮಲ್ಲಿ ಜಾಸ್ತಿ. ಅದಕ್ಕೂ ಮೊದಲು ಮಕ್ಕಳನ್ನು ಕರೆದು ಬೇಕಾದ್ದನ್ನು ಆರಿಸಿಕೊಳ್ಳಲು ಬಿಡಬೇಕು. ಒಂದನ್ನಾದರೂ ಒಗೆಯದೆ ಇಡಬೇಕು, ವಾಸನೆಯೇ ಮೊದಲು ಹೋಗುವುದು. ಕೌದಿ ಹೊಲಿಯುವ ಆಯಿ ಇದ್ದರೆ ಇನ್ನೂ ಚಲೋ. ಐದೂವರೆ ಮೀಟರಿನ ಒಂದು ಸೀರೆಯನ್ನು ಒಂದೂವರೆ ಮೀಟರಿನ ಮೂರು ತುಂಡು ಮಾಡಿ ಒಂದರ ಮೇಲೊಂದು ಹಾಸಿದರೆ ಸಣ್ಣ ಕೂಸಿಗೆ ಹೊದೆಯಲು ಸಾಕು, ಉಳಿದ ಒಂದು ಮೀಟರ್ ತೇಪೆಗೆ. ಹೊಲಿಗೆ ಅಗಲವಾದರೆ ಒಗೆದಾಗ ಪದರ ಜಗ್ಗುತ್ತವೆ, ಸಾಲುಗಳ ನಡುವೆ ಒಂದು ಬೆರಳಷ್ಟೇ ಸಂದು ಇರಲಿ. ಎರಡು ಟಾಕು ಕೂಸೂ ಹಾಕಲಿ, ಸೊಟ್ಟ ಆಗಲಿ ಬಿಡಿ. ಇನ್ನೊಂದು, ಸತ್ತವರ ಮೊಬೈಲು. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಕೆಲವು ತಿಂಗಳಲ್ಲಿ ಬಂದ್ ಆಗಿ, ಮುಂದೆ ಬೇರೆಯವರ ಪಾಲಾಗುತ್ತದೆ. ಅವ್ವನ ನಂಬರಿಗೆ ಮಗಳು ಗುಟ್ಟಾಗಿ ಫೋನ್ ಹಚ್ಚಿ, ಅಪರಿಚಿತ ಗಂಡಸು “ಯಾರು?” ಅಂದರೆ ಹೇಗಿದ್ದೀತು? ವಾಯ್ಸ್ ಮೆಸೇಜುಗಳನ್ನು ಬೇರೆ ಕಡೆ ತೆಗೆದಿಟ್ಟು, ನಂಬರ್ ಬಂದ್ ಆಗುವುದನ್ನು ಮಗುವಿಗೆ ಮೊದಲೇ ಹೇಳಿ.

ಕೆಲವು ವಾರ ನಿದ್ದೆ ಕೆಡುವುದು, ಸಣ್ಣವರಂತೆ ತೊದಲುವುದು, ಹಾಸಿಗೆ ಒದ್ದೆಯಾಗುವುದು ಬೇನೆಯಲ್ಲ. “ನಾನೂ ಅವ್ವನ ಕಡೆ ಹೋಗ್ತೀನಿ” ಅನ್ನುವುದು, ಮೈಗೆ ತಾನೇ ನೋವು ಮಾಡಿಕೊಳ್ಳುವುದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ವಾರಗಟ್ಟಲೆ ಶಾಲೆಯನ್ನೇ ಒಲ್ಲೆ ಅಂದರೂ, ಆರು ತಿಂಗಳಾದರೂ ಆಟ ಊಟ ಹಳಿಗೆ ಬರದಿದ್ದರೂ ತೋರಿಸಬೇಕು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿಯಲ್ಲಿ ಸರಕಾರಿ ಆಸ್ಪತ್ರೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಚ್ಚಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ನೋಡಿಕೊಳ್ಳುವವರೇ ಇಲ್ಲದ ಮಕ್ಕಳಿಗೆ ಮಕ್ಕಳ ಸಹಾಯವಾಣಿ 1098. ಅಪ್ಪ ಹೋಗಿ ಗಳಿಕೆ ನಿಂತ ಬಡ ಮನೆಯ ಮಕ್ಕಳಿಗೆ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4000 ರೂಪಾಯಿ ನೆರವಿದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು.

ಮೊದಲ ವರ್ಷ ‘ನಮಗ ಹಬ್ಬ ಇಲ್ಲ’ ಎಂದು ಪಂಚಮಿಯ ಜೋಕಾಲಿಯನ್ನೂ ಬಿಚ್ಚಿಡುತ್ತಾರೆ. ದೊಡ್ಡವರ ಹಬ್ಬ ನಿಲ್ಲಲಿ, ಜೋಕಾಲಿ ಇರಲಿ. ಮಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವಾಗ ಏನಿಡಬೇಕೆಂದು ಆ ಕೂಸನ್ನೇ ಕೇಳಿ. “ಅಜ್ಜಗ ಗಿರಮಿಟ್ ಸೇರ್ತಿತ್ತು” ಅಂದರೆ ಹೋಳಿಗೆಯ ಬಾಜೂ ಒಂದು ಹಿಡಿ ಗಿರಮಿಟ್ಟೂ ಇಡಿ, ಮೇಲೊಂದು ಮಿರ್ಚಿ.