ಕಬ್ಬು ಇದೆ, ಆಲೆಮನೆ ಎಲ್ಲಿ?

ನಮ್ಮ ಸೋದರಮಾವ ವರ್ಷಕ್ಕೆ ಎರಡು ಸಲವಾದರೂ ಒಂದೇ ಸುದ್ದಿಯನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. "ಮಂಡ್ಯದಲ್ಲಿ ಬಿಳಿ ಚಿನ್ನ! ಇನ್ನು ನಾವೇ ಲಿಥಿಯಂ ರಾಜರು!" ಕೆಳಗೆ ಮೂರು ಬಾವುಟ, ಎರಡು ಕೈಮುಗಿದ ಚಿತ್ರ. ಲಿಥಿಯಂ ಅಂದರೆ ಮೊಬೈಲ್, ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿಗೆ ಬೇಕಾದ ಲೋಹ. ಅವರಿಗೆ ಶ್ರೀರಂಗಪಟ್ಟಣದ ಕಡೆ ನಾಲ್ಕು ಎಕರೆ ಇದೆ. ಸುದ್ದಿಯಲ್ಲಿ ಬರೋ ಮರಳಗಾಲ, ಅಲ್ಲಾಪಟ್ಟಣ ಅಲ್ಲಿಂದ ತುಂಬಾ ದೂರ ಏನಲ್ಲ. ಆಸೆ ಇರೋದು ಸಹಜ. ಈ ಸಲ ಜೊತೆಗೆ ಒಂದು ಪ್ರಶ್ನೆಯೂ ಬಂತು: "ನಮ್ ಜಮೀನಿನ ರೇಟ್ ಏರುತ್ತಾ?"

ಉತ್ತರ ಬರೆಯೋಕೆ ಕೂತೆ. ವಾಟ್ಸಾಪ್‌ಗೆ ಉದ್ದ ಜಾಸ್ತಿ ಆಯ್ತು, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಮಾವ ಫೇಸ್‌ಬುಕ್‌ನಲ್ಲಿ ಇಲ್ಲ. ಅವರ ಮಗಳು ಓದಿ ಹೇಳುತ್ತಾಳೆ.

ಮೊದಲು ಲೆಕ್ಕ. 2020ರಲ್ಲಿ ಪೇಪರ್‌ಗಳಲ್ಲಿ ಬಂದಿದ್ದು 14,100 ಟನ್ ಲಿಥಿಯಂ ಅಂತ. ಮುಂದಿನ ವರ್ಷ ಪರಮಾಣು ಖನಿಜ ನಿರ್ದೇಶನಾಲಯದ ಸಮೀಕ್ಷೆ ಆಧರಿಸಿ ಸರ್ಕಾರ ಪಾರ್ಲಿಮೆಂಟಿನಲ್ಲಿ ಹೇಳಿದ್ದು 1,600 ಟನ್. ಅದೂ ಅಂದಾಜು, ಪೂರ್ತಿ ಕೊರೆದು ನೋಡಿದ ಲೆಕ್ಕ ಅಲ್ಲ. ಫಾರ್ವರ್ಡ್ ಮಾತ್ರ ಇವತ್ತಿಗೂ ಹಳೇ ಅಂಕಿಯನ್ನೇ ಹೊತ್ತುಕೊಂಡು ತಿರುಗುತ್ತಿದೆ.

1,600 ಟನ್ ಅಂದರೆ ಎಷ್ಟು? ಒಂದು ಎಲೆಕ್ಟ್ರಿಕ್ ಸ್ಕೂಟರಿನ 3 ಯೂನಿಟ್ ಬ್ಯಾಟರಿಯಲ್ಲಿ ಲಿಥಿಯಂ ಇರೋದು ಸುಮಾರು 300ರಿಂದ 400 ಗ್ರಾಂ. ಒಂದು ಹಿಡಿ ಬೆಲ್ಲದಷ್ಟು. ಮಂಡ್ಯದ್ದು ಒಂದು ಗ್ರಾಮೂ ಪೋಲಾಗದೆ ಪೂರ್ತಿ ಕೈಗೆ ಬಂತು ಅಂತಲೇ ಇಟ್ಟುಕೊಳ್ಳಿ (ಬರಲ್ಲ, ಆದರೂ ಇಟ್ಟುಕೊಳ್ಳಿ). 40 ಲಕ್ಷ ಸ್ಕೂಟರ್ ಆಗುತ್ತದೆ. ದೊಡ್ಡದೇ ಅನಿಸುತ್ತದೆ ಅಲ್ವಾ? ಈ ದೇಶದಲ್ಲಿ ವರ್ಷಕ್ಕೆ ಮಾರಾಟ ಆಗೋ ದ್ವಿಚಕ್ರ ವಾಹನ ಹತ್ತಿರ ಹತ್ತಿರ 2 ಕೋಟಿ. ಎಲ್ಲವೂ ಕರೆಂಟಿಗೆ ತಿರುಗಿದರೆ ಮಂಡ್ಯದ ಬಿಳಿ ಚಿನ್ನ ಎರಡೂವರೆ ತಿಂಗಳಿಗೆ ಮುಗಿಯಿತು. ಯುಗಾದಿಗೆ ಶುರು ಮಾಡಿದರೆ ಭೀಮನ ಅಮಾವಾಸ್ಯೆವರೆಗೂ ಬರಲ್ಲ.

ಜಮ್ಮುವಿನ ರಿಯಾಸಿಯ ಕಥೆ ಇನ್ನೂ ಜೋರು. 2023ರ ಫೆಬ್ರವರಿಯಲ್ಲಿ 59 ಲಕ್ಷ ಟನ್ ಅಂತ ಸುದ್ದಿ ಬಂದಾಗ ಟಿವಿಯವರು ಕುಣಿದಿದ್ದೇ ಕುಣಿದಿದ್ದು. ಅದು ಅದಿರಿನ ತೂಕ, ಲಿಥಿಯಂದಲ್ಲ. ಅದೂ ಜೇಡಿಮಣ್ಣಿನ ಜಾತಿಯ ಅದಿರು. ಅದರಿಂದ ಲಿಥಿಯಂ ತೆಗೆಯೋ ಕೆಲಸ ಜಗತ್ತಿನಲ್ಲೇ ಇನ್ನೂ ಸರಿಯಾಗಿ ಪಳಗಿಲ್ಲ. ಹರಾಜಿಗೆ ಇಟ್ಟರು, ಬೇಕಾದಷ್ಟು ಜನ ಬರಲಿಲ್ಲ, ರದ್ದಾಯಿತು. ಮತ್ತೆ ಇಟ್ಟರು, ಮತ್ತೆ ಅದೇ ಕಥೆ. ದುಡ್ಡಿರೋ ಕಂಪನಿಗಳು ನಮ್ಮ ಮಾವನಷ್ಟು ಬೇಗ ಖುಷಿಪಡಲ್ಲ.

ಗಣಿ ಬೇಡ ಅಂತ ನಾನು ಹೇಳುತ್ತಿಲ್ಲ. ನೆಲದಲ್ಲಿ ಏನಿದೆ ಅಂತ ಮಾತಾಡೋದಕ್ಕೆ ನಾವು ಕೊಡೋ ಉತ್ಸಾಹದಲ್ಲಿ ಹತ್ತರಲ್ಲಿ ಒಂದು ಭಾಗವನ್ನೂ ಅದನ್ನು ಲೋಹ ಮಾಡೋದಕ್ಕೆ ಕೊಡಲ್ಲ. ನನ್ನ ತಕರಾರು ಅಷ್ಟೇ.

ಮಾವನಿಗೆ ಅರ್ಥ ಆಗೋ ಭಾಷೆಯಲ್ಲಿ ಹೇಳುತ್ತೇನೆ. ಗದ್ದೆಯಲ್ಲಿ ಕಬ್ಬು ಇದೆ. ಆಲೆಮನೆ ಇಲ್ಲ. ಕೊಪ್ಪರಿಗೆ ಇಲ್ಲ, ಗಾಣ ಇಲ್ಲ, ಪಾಕ ಯಾವಾಗ ಇಳಿಸಬೇಕು ಅಂತ ಕಣ್ಣಲ್ಲೇ ಹೇಳೋ ಆಳೂ ಇಲ್ಲ. ಆಗ ಬೆಲ್ಲದ ರೇಟ್ ಯಾರು ಹೇಳುತ್ತಾರೆ? ಆಸ್ಟ್ರೇಲಿಯಾವನ್ನೇ ನೋಡಿ. ಕಲ್ಲಿನಿಂದ ಸಿಗೋ ಲಿಥಿಯಂನಲ್ಲಿ ಅವರದೇ ಮೇಲುಗೈ, ಗ್ರೀನ್‌ಬುಷಸ್ ಗಣಿ ಅಂದರೆ ಸುಮ್ನೆ ಅಲ್ಲ. ಆದರೆ ಅವರು ಅಗೆದ ಅದಿರಿನಲ್ಲಿ ಬಹುಪಾಲು ಹಡಗು ಹತ್ತಿ ಚೀನಾಕ್ಕೆ ಹೋಗುತ್ತದೆ. ಅದನ್ನು 1,000 ಡಿಗ್ರಿ ದಾಟಿಸಿ ಹುರಿದು, ಸಲ್ಫ್ಯೂರಿಕ್ ಆಸಿಡ್ ಹಾಕಿ ಮತ್ತೆ ಬೇಯಿಸಿ, ತೊಳೆದು, ಸೋಸಿ, ಕೊನೆಗೆ ಬಿಳಿ ಪುಡಿ ಮಾಡೋ ಆಲೆಮನೆ ಇರೋದು ಅಲ್ಲಿ. ಅಗೆದು, ಕಸ ತೆಗೆದು, ಹದ ಮಾಡಿದ 100 ಕೆಜಿ ಅದಿರಿನಲ್ಲೂ ಲಿಥಿಯಂ ಲೋಹ 3 ಕೆಜಿಯಷ್ಟೂ ಇರಲ್ಲ. ಉಳಿದಿದ್ದೆಲ್ಲ ಗಸಿ. ಆ ಗಸಿ ಎಲ್ಲಿ ಸುರಿಯಬೇಕು? ಕಾವೇರಿ ಬಯಲಿನಲ್ಲಾ? ಕೆಆರ್‌ಎಸ್ ಇರೋದೂ ಅದೇ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ಬೇಬಿ ಬೆಟ್ಟದ ಕಲ್ಲುಗಣಿ ಸ್ಫೋಟದ ಜಗಳ ಎಷ್ಟು ವರ್ಷ ನಡೆಯಿತು, ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ಗಣಿಗಾರಿಕೆ ಬೇಡ ಅಂತ 2024ರಲ್ಲಿ ಹೈಕೋರ್ಟ್ ಯಾಕೆ ಹೇಳಬೇಕಾಯಿತು ಅಂತ ಆ ಕಡೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ದಾರಿ ಉಪ್ಪುನೀರಿನದು. ದಕ್ಷಿಣ ಅಮೆರಿಕದ ಚಿಲಿ, ಅರ್ಜೆಂಟೀನಾ ಕಡೆ ಮರುಭೂಮಿಯ ಅಡಿಯಿಂದ ಉಪ್ಪುನೀರು ಎತ್ತಿ ದೊಡ್ಡ ಮಡಿಗಳಲ್ಲಿ ಬಿಸಿಲಿಗೆ ಬಿಡುತ್ತಾರೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡಿದವರಿಗೆ ಗೊತ್ತಾಗುತ್ತದೆ, ಹೆಚ್ಚುಕಮ್ಮಿ ಅದೇ ಕೆಲಸ. ಆದರೆ ಲಿಥಿಯಂ ಗಟ್ಟಿ ಆಗೋಕೆ ವರ್ಷವೋ ಒಂದೂವರೆ ವರ್ಷವೋ ಬೇಕು. ನಮ್ಮ ಸರ್ಕಾರಿ ಕಂಪನಿಗಳು ಸೇರಿ ಮಾಡಿಕೊಂಡ ಕಾಬಿಲ್ ಅಂತ ಒಂದಿದೆ. ಅದು 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ ಐದು ಬ್ಲಾಕ್ ತೆಗೆದುಕೊಂಡಿತು, 15,703 ಹೆಕ್ಟೇರ್. ಒಳ್ಳೆಯ ಕೆಲಸ, ಚಪ್ಪಾಳೆ ಹೊಡೆದೆ. ಆದರೆ ಅದು ಹುಡುಕೋಕೆ ಸಿಕ್ಕ ಹಕ್ಕು. ಹುಡುಕಿ, ಕೊರೆದು, ಮಡಿ ಕಟ್ಟಿ ಲೋಹ ಕೈಗೆ ಬರೋ ಹೊತ್ತಿಗೆ ನಾನು ಇನ್ನೆರಡು ಸ್ಕೂಟರ್ ಬದಲಾಯಿಸಿರುತ್ತೇನೆ.

ಸ್ಕೂಟರ್ ಅಂದಾಗ ನೆನಪಾಯಿತು. ಈ ಬರಹದ ಅಸಲಿ ಹೊಟ್ಟೆಯುರಿ ಇರೋದೇ ಅಲ್ಲಿ.

ನನ್ನ ಸ್ಕೂಟರಿಗೆ ನಾಲ್ಕು ವರ್ಷ ಆಯಿತು. ತಂದಾಗ ಒಂದು ಚಾರ್ಜಿಗೆ 85 ಕಿಲೋಮೀಟರ್ ಆರಾಮಾಗಿ ಹೋಗುತ್ತಿತ್ತು. ಹೋದ ವರ್ಷ ಅದು 50ಕ್ಕೆ ಬಂತು. ಆಮೇಲೆ ಒಂದು ದಿನ ನಾಯಂಡಹಳ್ಳಿ ಫ್ಲೈಓವರ್ ಏರುವಾಗ 30 ಪರ್ಸೆಂಟ್ ತೋರಿಸುತ್ತಿದ್ದಿದ್ದು ಗಪ್ ಅಂತ ಸೊನ್ನೆಗೆ ಬಂದು ನಿಂತುಹೋಯಿತು. ಹಿಂದಿನ ಬಸ್ಸಿನವನು ಹೊಡೆದ ಹಾರನ್ ಈಗಲೂ ಕಿವಿಯಲ್ಲಿದೆ. ಸರ್ವೀಸ್ ಸೆಂಟರಿನವರು ಲ್ಯಾಪ್‌ಟಾಪ್ ಚುಚ್ಚಿ ನೋಡಿ, "ಪ್ಯಾಕ್ ಹೋಗಿದೆ ಸಾರ್, ಹೊಸದು ಹಾಕಬೇಕು" ಅಂದರು. 68 ಸಾವಿರ. ಹಳೇದಕ್ಕೆ ಎಷ್ಟು ಕಳೀತೀರಿ ಅಂದೆ. ಕಳೆಯೋದು ಏನೂ ಇಲ್ಲ, ಬಿಟ್ಟು ಹೋಗಿ ಅಂದರು. ಎಲ್ಲಿಗೆ ಹೋಗುತ್ತದೆ ಅಂದೆ. ಹುಡುಗ ಒಂದು ಕ್ಷಣ ಯೋಚಿಸಿ "ಗೋಡೌನ್‌ಗೆ" ಅಂದ. ರಸೀದಿ ಕೊಡಿ ಅಂದರೆ ಅಂಥದ್ದು ಕೊಡಲ್ಲ ಅಂದ.

ನಾನೂ ಹಠ ಹಿಡಿದೆ. ಹೊಸ ಪ್ಯಾಕಿಗೆ ದುಡ್ಡು ಕೊಟ್ಟು ಹಳೇದನ್ನು ಮನೆಗೆ ತಂದೆ.

ಒಬ್ಬ ಗೆಳೆಯ ಬ್ಯಾಟರಿ ರಿಪೇರಿ ಮಾಡುತ್ತಾನೆ. ಅವನು ಗ್ಲೌಸ್ ಹಾಕಿಕೊಂಡು ಬಿಚ್ಚಿ ತೋರಿಸಿದ (ನೀವು ಮನೆಯಲ್ಲಿ ಮಾಡೋಕೆ ಹೋಗಬೇಡಿ, ನಿಜವಾಗಲೂ ಬೆಂಕಿ ಹತ್ತುತ್ತದೆ). ಒಳಗೆ ಟಾರ್ಚ್ ಸೆಲ್ಲಿಗಿಂತ ಸ್ವಲ್ಪ ಉದ್ದದ ಸೆಲ್‌ಗಳು, ಜೇನುಗೂಡಿನ ಹಾಗೆ ಸಾಲು ಸಾಲು. ಮೇಲೆ ತೆಳ್ಳನೆಯ ನಿಕ್ಕಲ್ ಪಟ್ಟಿ ಬೆಸುಗೆ. ಒಟ್ಟು 14 ಗುಂಪು. ಮೀಟರ್ ಇಟ್ಟು ಒಂದೊಂದಾಗಿ ಅಳೆದ. 3.9, 3.9, 3.88, 3.9... ಒಂಬತ್ತನೇ ಗುಂಪು 3.1. "ಇದೊಂದೇ ಕಣೋ ಕೆಟ್ಟಿರೋದು. ಇದು ಕೆಳಗಿಳಿದ ತಕ್ಷಣ ಒಳಗಿರೋ ಬೋರ್ಡ್ ಇಡೀ ಪ್ಯಾಕನ್ನೇ ಆಫ್ ಮಾಡುತ್ತೆ" ಅಂದ. ಹದಿಮೂರು ಎತ್ತು ಗಟ್ಟಿಮುಟ್ಟಾಗಿವೆ, ಒಂದು ಕುಂಟುತ್ತಿದೆ, ಅದಕ್ಕೆ ಇಡೀ ಗಾಡಿ ಗುಜರಿಗೆ! ಹಾಗಂತ ಆ ಒಂದು ಗುಂಪನ್ನು ಬದಲಾಯಿಸಿ ಓಡಿಸೋದು ಅಷ್ಟು ಸುಲಭ ಅಲ್ಲವಂತೆ. ಹಳೇದಕ್ಕೂ ಹೊಸದಕ್ಕೂ ಹೊಂದಲ್ಲ, ವಾರಂಟಿಯೂ ಹೋಗುತ್ತದೆ. ಆದರೆ ಉಳಿದ ಹದಿಮೂರು ಗುಂಪಿನಲ್ಲಿ ಮನೆಯ ನಾಲ್ಕು ಲೈಟು, ಒಂದು ಫ್ಯಾನು ಇನ್ನೂ ಎಷ್ಟೋ ವರ್ಷ ನಡೆಯುತ್ತವೆ.

ಗುಜರಿಯವನನ್ನು ಕರೆದೆ. ಅವನು ಹೋದ ತಿಂಗಳು ನಮ್ಮ ಯುಪಿಎಸ್‌ನ ಹಳೇ ಬ್ಯಾಟರಿಗೆ ಚೌಕಾಸಿ ಮಾಡಿ 3,000 ಕೊಟ್ಟು ಹೊತ್ತುಕೊಂಡು ಹೋದವನು. ಇದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಬೆಂಕಿ ಬ್ಯಾಟರಿ ಬೇಡ ಸಾರ್."

ವಿಚಿತ್ರ ನೋಡಿ. ಸೀಸದ ಬ್ಯಾಟರಿಗೆ ಊರೂರಲ್ಲಿ ಬೆಲೆ ಇದೆ. ಹಳೇದು ಕೊಟ್ಟರೆ ಹೊಸದಕ್ಕೆ ಇಷ್ಟು ಕಡಿಮೆ ಅಂತ ಅಂಗಡಿಯವನೇ ಹೇಳುತ್ತಾನೆ. ಹಿತ್ತಲಲ್ಲಿ ಸೀಸ ಕರಗಿಸಿ ಮಕ್ಕಳ ರಕ್ತಕ್ಕೆ ವಿಷ ಸೇರಿಸೋರೂ ಇದ್ದಾರೆ, ಅದು ಬೇರೆ ಪಾಪ. ಆದರೆ ಸೀಸ ತಿಪ್ಪೆಗೆ ಹೋಗಲ್ಲ, ಯಾಕಂದರೆ ಅದಕ್ಕೊಂದು ರೇಟ್ ಇದೆ. ನಿಕ್ಕಲ್, ಕೋಬಾಲ್ಟ್, ಲಿಥಿಯಂ, ತಾಮ್ರ ಎಲ್ಲ ತುಂಬಿಕೊಂಡಿರೋ ನನ್ನ ಪ್ಯಾಕಿಗೆ ಬೀದಿಯಲ್ಲಿ ರೇಟೇ ಇಲ್ಲ. ಈ ಕೋಬಾಲ್ಟಿಗೆ ಜಗತ್ತು ಒದ್ದಾಡುತ್ತಿದೆ. ಜಗತ್ತಿನ ಕೋಬಾಲ್ಟಿನಲ್ಲಿ ಮುಕ್ಕಾಲು ಭಾಗದ ಹತ್ತಿರ ಬರೋದು ಒಂದೇ ದೇಶದಿಂದ, ಕಾಂಗೊ. ಅಲ್ಲಿ ಕೊಲ್ವೇಜಿ ಸುತ್ತ ಬರಿಗೈಯಲ್ಲಿ ಸುರಂಗ ತೋಡೋರಲ್ಲಿ ಮಕ್ಕಳೂ ಇದ್ದಾರೆ. 2025ರ ಫೆಬ್ರವರಿಯಲ್ಲಿ ಆ ಸರ್ಕಾರ ರಫ್ತನ್ನೇ ನಿಲ್ಲಿಸಿತು. ಬೆಲೆ ಬಿದ್ದುಹೋಗಿದೆ, ಏರಲಿ ಅಂತ. ಅಕ್ಟೋಬರಿನಲ್ಲಿ ಇಂತಿಷ್ಟೇ ಅಂತ ಕೋಟಾ ಹಾಕಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಬೆಲೆ ಎರಡು ಪಟ್ಟು ದಾಟಿತ್ತು. ಇಂಡೋನೇಷ್ಯಾ ಇದನ್ನು ಮೊದಲೇ ಮಾಡಿತ್ತು. 2020ರಿಂದ ನಿಕ್ಕಲ್ ಅದಿರನ್ನು ಹಾಗೇ ಹೊರಗೆ ಬಿಡಲ್ಲ, ಬೇಕಾದರೆ ಇಲ್ಲೇ ಬಂದು ಕರಗಿಸಿ ಅಂದಿತು. ಈಗ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ನಿಕ್ಕಲ್ ಅವರದು. ಕಾಡು ಹೋಯಿತು, ಗಣಿಯ ಮಣ್ಣು ಸೇರಿ ಸಮುದ್ರ ಕೆಂಪಾಯಿತು, ಆದರೆ ಕೊಪ್ಪರಿಗೆ ಅವರ ಅಂಗಳಕ್ಕೆ ಬಂತು. ಬಂದ ಕೊಪ್ಪರಿಗೆಯಲ್ಲಿ ಬಹಳಷ್ಟರ ಒಡೆಯರು ಮತ್ತೆ ಚೀನಾದವರೇ, ಅದೊಂದು ತಮಾಷೆ.

ಕೋಬಾಲ್ಟ್, ನಿಕ್ಕಲ್ ಎರಡೂ ಬೇಡ, ಕಬ್ಬಿಣ ಮತ್ತು ಫಾಸ್ಫೇಟ್ ಸಾಕು ಅನ್ನೋ ಬ್ಯಾಟರಿ ಬಂದಿದೆಯಲ್ಲ, ಎಲ್‌ಎಫ್‌ಪಿ, ಅದು ಇದಕ್ಕೆ ಉತ್ತರ ಅಂತ ನನಗೂ ಅನಿಸಿತ್ತು. ಅಗ್ಗ, ಬೆಂಕಿ ಭಯ ಕಡಿಮೆ, ಬಾಳಿಕೆ ಜಾಸ್ತಿ. ಆದರೆ ಎರಡು ಗಂಟು. ಒಂದು, 2025ರ ಜುಲೈಯಲ್ಲಿ ಚೀನಾ ಆ ಬ್ಯಾಟರಿಯೊಳಗೆ ಹಾಕೋ ಪುಡಿ ತಯಾರಿಸೋ ತಂತ್ರಜ್ಞಾನವನ್ನು ಸರ್ಕಾರದ ಅನುಮತಿ ಇಲ್ಲದೆ ರಫ್ತು ಮಾಡೋ ಹಾಗಿಲ್ಲ ಅಂತ ಬೀಗ ಹಾಕಿತು, ಲಿಥಿಯಂ ಬೇರ್ಪಡಿಸೋ ತಂತ್ರಕ್ಕೂ ಸೇರಿಸಿ. ಕಬ್ಬಿಣ ನಮ್ಮ ಬಳ್ಳಾರಿಯಲ್ಲಿ ಬೇಕಾದಷ್ಟಿದೆ ಸ್ವಾಮಿ. ಇಲ್ಲದಿರೋದು ಪಾಕದ ಹದ. ಎರಡು, ಅದರೊಳಗೆ ದುಬಾರಿ ಲೋಹ ಇಲ್ಲ, ಹಾಗಾಗಿ ಸತ್ತ ಮೇಲೆ ಅದನ್ನು ಒಡೆದು ತೆಗೆಯೋಕೆ ಯಾರಿಗೂ ಆಸಕ್ತಿ ಇಲ್ಲ. ಬದುಕಿದ್ದಾಗ ಒಳ್ಳೆಯದು, ಸತ್ತ ಮೇಲೆ ಅನಾಥ. ಇದಕ್ಕೆ ಇನ್ನೂ ಜಾಸ್ತಿ ಕಾನೂನಿನ ಬೆನ್ನು ಬೇಕು.

ಕಾನೂನು ಇಲ್ಲ ಅಂತಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮ ಓದಿದರೆ ಕಣ್ಣು ತುಂಬಿ ಬರುತ್ತದೆ, ಅಷ್ಟು ಚೆನ್ನಾಗಿದೆ. ಮಾರಿದವನೇ ವಾಪಸ್ ಪಡೆಯಬೇಕು. 2026-27ರಿಂದ ಒಳಗಿನ ಸಾಮಾನಿನಲ್ಲಿ 90 ಪರ್ಸೆಂಟ್ ಹೊರತೆಗೆಯಬೇಕು. 2030-31ರ ಹೊತ್ತಿಗೆ ಗಾಡಿಯ ಹೊಸ ಬ್ಯಾಟರಿಯಲ್ಲಿ 20 ಪರ್ಸೆಂಟ್ ಹಳೇ ಲೋಹ ಇರಬೇಕು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಮರುಬಳಕೆಗೆ ಅಂತಲೇ 1,500 ಕೋಟಿ ಕೊಟ್ಟಿತು. ಅದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಷರತ್ತಿದೆ. ಬ್ಯಾಟರಿ ಪುಡಿ ಮಾಡಿದರೆ ಬರೋ ಕರಿಪುಡಿಗೆ ಬ್ಲ್ಯಾಕ್ ಮಾಸ್ ಅಂತಾರೆ. ಬರೀ ಆ ಪುಡಿ ಮಾಡಿ ಕೂತರೆ ದುಡ್ಡಿಲ್ಲ, ಅದರಿಂದ ಲೋಹ ತೆಗೆಯೋರಿಗೆ ಮಾತ್ರ. ಯಾರೋ ತಲೆ ಓಡಿಸಿದ್ದಾರೆ. ಕಬ್ಬು ಅರೆದು ಹಾಲನ್ನು ಪಕ್ಕದೂರಿಗೆ ಕಳಿಸೋನಿಗೆ ಸಬ್ಸಿಡಿ ಇಲ್ಲ, ಬೆಲ್ಲ ಮಾಡೋನಿಗೆ ಇದೆ.

ಆದರೆ ಮೇಲೆ ಇಷ್ಟೆಲ್ಲ ಇದ್ದೂ ಕೆಳಗೆ ಆ ಸರ್ವೀಸ್ ಸೆಂಟರಿನ ಹುಡುಗನ ಕೈಯಲ್ಲಿ ಒಂದು ರಸೀದಿ ಪುಸ್ತಕ ಇಲ್ಲ. ಹಳೇ ಪ್ಯಾಕಿಗೆ ಒಂದೈದು ಸಾವಿರ ಕಳೆಯುತ್ತೇವೆ ಅಂತ ಬೋರ್ಡ್ ಹಾಕಿದರೆ ಸಾಕು, ಆ ಐದು ಸಾವಿರಕ್ಕೆ ಜನ ಅದನ್ನು ತಲೆ ಮೇಲೆ ಹೊತ್ತು ತರುತ್ತಾರೆ. ಬೇಕಾದರೆ ಕೊಳ್ಳುವಾಗಲೇ ಡೆಪಾಸಿಟ್ ಇಟ್ಟುಕೊಳ್ಳಲಿ. ಹಿಂದೆ ಸೋಡಾ ಬಾಟ್ಲಿಗೆ ಇಟ್ಟುಕೊಳ್ಳುತ್ತಿರಲಿಲ್ವಾ? ನಾವು ಹುಡುಗರು ಬಾಟ್ಲಿ ವಾಪಸ್ ಕೊಟ್ಟು ಪೆಪ್ಪರ್‌ಮಿಂಟ್ ತಿಂದವರು. ನಮಗೆ ಯಾರೂ ಪರಿಸರ ಪಾಠ ಹೇಳಿರಲಿಲ್ಲ.

ಗಣಿ ಕಂಪನಿಯವರ ಕಷ್ಟವೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. 2022ರ ಕೊನೆಯಲ್ಲಿ ಚೀನಾದಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ 6 ಲಕ್ಷ ಯುವಾನ್ ಹತ್ತಿರ ಇತ್ತು. 2025ರ ನಡುವೆ ಅದು 60 ಸಾವಿರದ ಆಸುಪಾಸಿಗೆ ಬಿತ್ತು. ಹತ್ತರಲ್ಲಿ ಒಂದು! ಕೋಲಾರದ ಟೊಮೆಟೊ ಮಂಡಿಯೇ ವಾಸಿ. ಇಂಥ ಜಾರುಬಂಡೆಯಲ್ಲಿ ಯಾರು ಹತ್ತು ವರ್ಷ ಕಾಯೋ ಗಣಿಗೆ ದುಡ್ಡು ಹಾಕುತ್ತಾರೆ? ಬೆಲೆ ಬಿದ್ದಾಗಲೂ ಕೊಳ್ಳೋ ಗಿರಾಕಿ ಬೇಕು, ಅದು ಸರ್ಕಾರವೇ ಆಗಬೇಕಾಗಬಹುದು. ರಾಗಿಗೆ ಬೆಂಬಲ ಬೆಲೆ ಇದ್ದ ಹಾಗೆ. ಒಪ್ಪದವರು ಜಗಳ ಆಡಬಹುದು, ಕಾಮೆಂಟ್ ತೆರೆದಿದೆ.

ಮಾವನಿಗೆ ಉತ್ತರ: ಜಮೀನಿನ ರೇಟ್ ಲಿಥಿಯಂನಿಂದ ಏರಲ್ಲ, ಎಕ್ಸ್‌ಪ್ರೆಸ್‌ವೇಯಿಂದ ಆಗಲೇ ಏರಿದೆ. ಮಾರಬೇಡಿ.

ಪ್ಯಾಕ್ ಇನ್ನೂ ನಮ್ಮ ಮೆಟ್ಟಿಲ ಕೆಳಗೆ ಕೂತಿದೆ. ಅಮ್ಮ ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟು, ಅಡುಗೆಮನೆಗೆ ಹೋಗುವಾಗಲೆಲ್ಲ ಅದನ್ನು ಒಂದು ಸಲ ಮುಟ್ಟಿ ನೋಡುತ್ತಾರೆ, ಬಿಸಿ ಆಗಿದೆಯಾ ಅಂತ. ಬೆಂಗಳೂರಿನಲ್ಲಿ ಇಂಥದ್ದನ್ನು ರಸೀದಿ ಕೊಟ್ಟು ತೆಗೆದುಕೊಳ್ಳೋರು ಯಾರಾದರೂ ಗೊತ್ತಿದ್ದರೆ ಹೇಳಿ. ದುಡ್ಡು ಕೊಡದಿದ್ದರೂ ಪರವಾಗಿಲ್ಲ. ರಸೀದಿ ಬೇಕು.