ಜಡಿಮಳೆಗೊಂದು ಸ್ಮಾರ್ಟ್ ಬೋರ್ಡ್

ಸರ್ಕಾರಿ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಉದ್ಘಾಟನೆಯ ಫೋಟೋ ನೀವೂ ನೋಡಿರುತ್ತೀರಿ. ಬೋರ್ಡಿಗೆ ಚೆಂಡುಹೂವಿನ ಹಾರ, ಎರಡೂ ಬದಿಗೆ ಗಣ್ಯರ ಸಾಲು, ಮೂಲೆಯಲ್ಲಿ ಹೆಡ್ಮೇಷ್ಟ್ರ ಅರ್ಧ ಮುಖ. ಮಕ್ಕಳು ಫೋಟೋದಲ್ಲಿಲ್ಲ. ಬಿಡಿ, ಅವರಿಗೆ ಅಲ್ಲೇನು ಕೆಲಸ?

ಕೊಡಗಿಗೆ ಇಂಥದ್ದೊಂದು ಬೇಕೇ ಬೇಕಿತ್ತು. ಶಾಲೆ ಶುರುವಾಗುತ್ತಿದ್ದ ಹಾಗೆ ಮುಂಗಾರೂ ಹಾಜರಿ ಹಾಕುತ್ತದೆ. ಗಾಳಿಗೆ ಸಿಲ್ವರ್ ಮರ ತಂತಿ ಮೇಲೆ ಬಿತ್ತೋ, ಭಾಗಮಂಡಲದ ಕಡೆ ಕರೆಂಟ್ ಯಾವಾಗ ಬರುತ್ತದೆಂದು ಲೈನ್‌ಮನ್‌ನನ್ನೂ ಕೇಳಬಾರದು. ಪಾಪ, ಅವನು ಇನ್ನೊಂದು ಬಿದ್ದ ಕಂಬದ ಹತ್ತಿರ ನೆನೆಯುತ್ತಿರುತ್ತಾನೆ. ಕರೆಂಟಿದ್ದ ದಿನ ಮಳೆ ರಜೆ, ರಜೆ ಇಲ್ಲದ ದಿನ ಕರೆಂಟಿಲ್ಲ. ಎರಡೂ ಕೂಡಿಬಂದ ಶುಭಗಳಿಗೆಯಲ್ಲಿ ಬೋರ್ಡ್ ಆನ್ ಮಾಡಿದರೆ, ‘ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಕಾಯಿರಿ’. ಕಾಯುವುದರೊಳಗೆ ಬಿಸಿಯೂಟದ ಬೆಲ್.

ನಾನು ನೋಡಿದ ಒಂದು ಬೋರ್ಡಿಗೆ ಕಾಫಿ ಒಣಗಿಸುವ ಟಾರ್ಪಾಲು ಹೊದಿಸಿದ್ದರು. ಗೋಡೆ ಬೆವರುತ್ತಿತ್ತು, ಹಂಚಿನ ಸಂದಿಯಿಂದ ತೊಟ್ಟಿಕ್ಕುವ ನೀರಿಗೆ ಕೆಳಗೊಂದು ಬಕೆಟ್. ಬೋರ್ಡಿನ ಪೆನ್ನು ಬೀರುವಿನಲ್ಲಿ, ಬೀರುವಿನ ಬೀಗದ ಕೈ ಹೆಡ್ಮೇಷ್ಟ್ರ ಜೇಬಿನಲ್ಲಿ. ಕಳೆದುಹೋದರೆ ಉತ್ತರ ಹೇಳಬೇಕಾದವರು ಅವರೇ ತಾನೆ? ಟಚ್ ಸ್ಕ್ರೀನ್ ಪಕ್ಕದಲ್ಲಿ ದಪ್ಪ ಅಕ್ಷರದ ಚೀಟಿ: ‘ಮಕ್ಕಳು ಮುಟ್ಟಬಾರದು’.

ಈ ಬೋರ್ಡನ್ನು ಆಯ್ಕೆ ಮಾಡಿದವರು ಯಾರು ಅಂತ ಕೇಳಬೇಡಿ. ಡೆಮೊ ಎಸಿ ಹಾಲ್‌ನಲ್ಲೇ ಆಗಿರುತ್ತದೆ. ಪರದೆಯ ಮೇಲೆ ಮನುಷ್ಯನ ಹೃದಯ ಗಿರಗಿರ ತಿರುಗುತ್ತದೆ, ಎದುರು ಕೂತವರ ತಲೆಯೂ. ಇದರಿಂದ ಎಲ್ಲಾದರೂ ಮಗುವಿಗೆ ಓದು ಬಂದಿದೆಯಾ ಅಂತ ಕೇಳುವುದು ಅಂಥ ಕಡೆ ಮರ್ಯಾದೆಯಲ್ಲ. ಈ ವಿಷಯದಲ್ಲಿ ನಾವು ಅಮೆರಿಕಕ್ಕೆ ಸರಿಸಮಾನರು. 2023ರ ಯುನೆಸ್ಕೊ ವರದಿ ನೋಡಿ: ಅಲ್ಲಿನ 17 ರಾಜ್ಯಗಳ ಶಿಕ್ಷಕರು, ಆಡಳಿತಗಾರರನ್ನು ಕೇಳಿದರೆ, ಶಾಲೆಗೆ ತಂತ್ರಜ್ಞಾನದ ಸರಕು ಕೊಳ್ಳುವ ಮುಂಚೆ ಸಂಶೋಧನೆಯ ಪುರಾವೆ ಕೇಳಿದವರು ಶೇ 11 ಮಾತ್ರ. ಇಂಥ ಸರಕು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗುತ್ತದೆ ಅಂತಲೂ ಅದೇ ವರದಿ ಹೇಳುತ್ತದೆ. ನಮ್ಮಲ್ಲಿ ರಿಪೇರಿಯವನು ಘಾಟಿ ಹತ್ತಿ ಬರುವಷ್ಟರಲ್ಲಿ ಮಾಡೆಲ್ಲೇ ಹಳತಾಗಿರುತ್ತದೆ.

ಉಪಗ್ರಹದ ಕತೆ ಮರೆತಿರಾ? 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿದೆವು. ಪ್ರಾಥಮಿಕ ಶಾಲೆಗಳ ಪ್ರಯೋಗ ನಡೆದದ್ದು ನಮ್ಮದೇ ರಾಜ್ಯದ ಚಾಮರಾಜನಗರದಲ್ಲಿ. ಆಕಾಶದಿಂದ ಪಾಠ! 2010ಕ್ಕೆ ಉಪಗ್ರಹವೇ ನಿವೃತ್ತಿಯಾಯಿತು. ನಮ್ಮ ಕೊಡಗಿನ ಮೇಷ್ಟ್ರೊಬ್ಬರು ಅಷ್ಟು ಮೇಲೆ ಹೋಗಲಿಲ್ಲ. ಕೊರೊನಾ ಕಾಲದಲ್ಲಿ ನೆಟ್‌ವರ್ಕ್ ಸಿಗದೆ ಮರದ ಮೇಲೆ ಅಟ್ಟಣೆ ಕಟ್ಟಿ ಕೂತು ಪಾಠ ಹೇಳಿದರು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಮೇಷ್ಟ್ರು ಮರ ಹತ್ತಬೇಕಾಗಿ ಬಂದದ್ದಕ್ಕೆ ನಾಚಿಕೆಪಟ್ಟವರು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಪಕ್ಕದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ನಲಿ-ಕಲಿ ಎಂಬ ಆಡುತ್ತಾ ಕಲಿಯುವ ಪದ್ಧತಿ ಹುಟ್ಟಿದಾಗ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ನೋಡಿ ಬಂದು, ತಾವೇ ಕೂತು ಕಾರ್ಡು ಮಾಡಿದರು. ರಟ್ಟಿನ ಕಾರ್ಡು. ಕರೆಂಟ್ ಬೇಡ, ಪಾಸ್‌ವರ್ಡ್ ಬೇಡ, ಮಕ್ಕಳು ಮುಟ್ಟಿಯೇ ಕಲಿಯಬೇಕು. ಅದರಲ್ಲಿ ಟೆಂಡರ್ ಕರೆಯುವಂಥದ್ದೇನಿದೆ ಹೇಳಿ.

ತಮಾಷೆ ಸಾಕು. ಕಾಫಿ ತೋಟದ ಕೂಲಿಯವರ ಲೈನ್‌ಮನೆಯಿಂದ ಬರುವ ಎರವ ಬುಡಕಟ್ಟಿನ ಹುಡುಗಿ ಮನೆಯಲ್ಲಿ ಕನ್ನಡ ಮಾತಾಡುವುದಿಲ್ಲ. ಅವಳಿಗೆ ಬೇಕಾದದ್ದು ಎದುರು ಕೂತು ಅವಳ ಬಾಯಿ ನೋಡಿ ಮಾತಾಡಿಸುವ ಒಬ್ಬ ಟೀಚರ್. ಇರುವ ಒಬ್ಬರೇ ಟೀಚರ್ ಮೂರು ತರಗತಿ ಒಟ್ಟಿಗೆ ಕೂರಿಸಿಕೊಂಡು, ನಡುವೆ ಮೊಟ್ಟೆ ಹಂಚಿದ ಲೆಕ್ಕವನ್ನೂ ಮೊಬೈಲ್‌ಗೆ ತುಂಬುತ್ತಾರೆ. ಸೋರುವ ಮಾಡಿಗೆ ಹಂಚು ಕೇಳಿದರೆ ಅನುದಾನವಿಲ್ಲ, ಕೇಳದ ಬೋರ್ಡಿಗೆ ಇದೆ. ಒಂದು ದಿನ, ಒಂದೇ ದಿನ, ಆ ಟೀಚರನ್ನು ಕರೆದು ‘ಏನು ಬೇಕಮ್ಮಾ’ ಅಂತ ಕೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?

ಅವರಿಗೆ ಈಗ ಬೋರ್ಡ್ ಬಳಸುವ ತರಬೇತಿಯಂತೆ. ಆನ್‌ಲೈನ್‌ನಲ್ಲಿ, ಜುಲೈನಲ್ಲಿ.